ಏಳನೆಯ ಕುದುರೆಯ ಹಿಂಗಾಲು

ಕ್ರಿಸ್ಮಸ್‌ಗೆ ಮುಂಚಿನ ಶನಿವಾರ ಅಕ್ಸ್‌ಬ್ರಿಡ್ಜ್ ಪೇಟೆಯ ಮುಖ್ಯ ಬೀದಿಯಲ್ಲಿ ಕುದುರೆ ಓಟ ಏರ್ಪಟ್ಟಿತ್ತು. ಕುದುರೆಗಳು ಏಳು, ಎಲ್ಲವೂ ಬಟ್ಟೆಯವು. ಒಂದೊಂದರೊಳಗೆ ಇಬ್ಬರು ಮನುಷ್ಯರು: ಮುಂದಿನವನು ತಲೆ ಹೊರಬೇಕು, ಹಿಂದಿನವನು ಬಗ್ಗಿ, ಮುಂದಿನವನ ನಡು ಹಿಡಿದು, ಬಾಲ ಹೊರಬೇಕು. ದೂರ ನೂರಿಪ್ಪತ್ತು ಗಜ.

ಜಗದೇವಪ್ಪನವರು ಓಟ ನೋಡಲು ಬಂದವರಲ್ಲ. ಅವರ ಮಗಳು ಸೌಜನ್ಯಾ ವೆಂಬ್ಲಿಯ ಸಂದೇಶನನ್ನು ಮೆಚ್ಚಿದ್ದಳು. ಸಂದೇಶನ ತಂದೆ, ಕುಂದಾಪುರದ ಕಡೆಯ ರಘುರಾಮರು, ತಮ್ಮ ಹೋಟೆಲಿಗೆ ಅರ್ಧ ದಿನ ರಜೆ ಕೊಟ್ಟು ಮಗನೊಂದಿಗೆ ಟ್ಯೂಬ್ ರೈಲು ಹತ್ತಿ ಬಂದಿದ್ದರು. ವಿಜಯಪುರದಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದ ಜಗದೇವಪ್ಪನವರ ಲೆಕ್ಕಾಚಾರ ಸರಳವಾಗಿತ್ತು: ಗಂಡಿನ ತಂದೆ ಹೆಣ್ಣು ಕೇಳುವುದು, ತಾವು ಒಪ್ಪುವುದು, ಹನ್ನೊಂದರ ಒಳಗೆ ಮಾತು ಮುಗಿಯುವುದು. ಆದರೆ ಹನ್ನೊಂದು ಮುಕ್ಕಾಲಾಗಿತ್ತು. ಬೀದಿಬದಿಯ ಚಹಾದಂಗಡಿಯಲ್ಲಿ ಮೂರು ಸಲ ಚಹಾ ಆಗಿತ್ತು. ರಘುರಾಮರು ಚಳಿಯ ಬಗ್ಗೆ ಮಾತಾಡಿದರು, ರೈಲಿನ ಬಗ್ಗೆ ಮಾತಾಡಿದರು, ಮಿನ್ಸ್ ಪೈ ಎಂಬ ಕ್ರಿಸ್ಮಸ್ ತಿಂಡಿಯಲ್ಲಿ ಏಲಕ್ಕಿ ಸಾಲದೆಂದರು. ಹೆಣ್ಣಿನ ಸುದ್ದಿಯೇ ಇಲ್ಲ.

‘ಇವರಿಗೆ ನನ್ನ ಮಗಳು ಬೇಡವಾಗಿದ್ದಾಳೆ’ ಎಂದು ಜಗದೇವಪ್ಪನವರು ತೀರ್ಮಾನಿಸುವಷ್ಟರಲ್ಲಿ, ಓಟದ ಸ್ವಯಂಸೇವಕಿಯಾಗಿದ್ದ ಸೌಜನ್ಯಾ ಏದುಸಿರು ಬಿಡುತ್ತ ಬಂದಳು.

“ಅಪ್ಪಾ, ಏಳನೇ ಕುದುರೆಯ ಇಬ್ಬರಿಗೂ ಜ್ವರ. ಪ್ಲೀಸ್, ನೀವು ಮತ್ತ ಅಂಕಲ್ ಒಳಗ ಹೋಗ್ರಿ. ಎರಡು ನಿಮಿಷದ ಕೆಲಸ.”

ಜಗದೇವಪ್ಪನವರ ಪತ್ನಿ ಚಂದ್ರವ್ವ ಗಂಡನ ಟೊಪ್ಪಿಗೆಯನ್ನು ಕಿತ್ತುಕೊಂಡೇಬಿಟ್ಟರು. “ಹೋಗ್ರೀ, ಕೂತು ಕೂತು ಇಬ್ರೂ ಕಲ್ಲಾಗೀರಿ.”

ತೊಡಕು ಆಗ ಶುರುವಾಯಿತು. ಗಂಡಿನ ತಂದೆಯನ್ನು ಬಾಲದ ಕಡೆ ಬಗ್ಗಿಸಿ ನಿಲ್ಲಿಸಿದರೆ ಆಗಬೇಕಾದ ಮದುವೆಯೂ ಆಗುವುದಿಲ್ಲ.

“ತಲಿ ನೀವು ತಗೋರಿ,” ಎಂದರು ಜಗದೇವಪ್ಪನವರು.

“ಛೆ ಛೆ, ನೀವು ನನಗಿಂತ ನಾಲ್ಕು ವರ್ಷ ದೊಡ್ಡವರು ಮಾರಾಯ್ರೆ. ನಾನು ಹಿಂದೆ ನಿಲ್ತೇನೆ.”

“ಎಲ್ಲರೆ ಉಂಟೇನ್ರಿ? ಬಾಲ ನನಗಿರಲಿ.”

“ಬಾಲ ನಂದು!”

ಇಬ್ಬರೂ ಬಾಲವನ್ನು ಹಿಡಿದು ಎಳೆದರು. ಉಳಿದ ಆರು ಕುದುರೆಗಳು ಸಾಲಾಗಿ ನಿಂತು ಕಾಯುತ್ತಿದ್ದವು. ಜಗದೇವಪ್ಪನವರು ದೂರವನ್ನು ಕಣ್ಣಿನಲ್ಲೇ ಅಳೆದು, ನ್ಯಾಯವಾದ ಪರಿಹಾರವೊಂದನ್ನು ಮುಂದಿಟ್ಟರು. ನಡುವೆ ಕೆಂಪು ಅಂಚೆ ಡಬ್ಬಿ ಇದೆ. ಅಲ್ಲಿಗೆ ಅರವತ್ತು ಗಜ. ಅಲ್ಲಿಯ ತನಕ ಒಬ್ಬರ ತಲೆ, ಅಲ್ಲಿಂದ ಇನ್ನೊಬ್ಬರದು. ಮೊದಲ ಸರದಿ ಯಾರದೆಂಬ ಉಪಚಾರ ಮತ್ತೆ ಏಳುವ ಮುಂಚೆ ಸಂದೇಶ ನಾಣ್ಯ ಚಿಮ್ಮಿದ. ತಲೆ ಜಗದೇವಪ್ಪನವರ ಪಾಲಿಗೆ ಬಂತು.

ಸೀಟಿ ಮೊಳಗಿತು. ಏಳನೆಯ ಕುದುರೆ ಗಂಭೀರವಾಗಿ ಹೆಜ್ಜೆ ಎಣಿಸುತ್ತ ಹೊರಟಿತು. “ಎಡ, ಬಲ, ಎಡ, ಬಲ,” ಎಂದು ತಲೆ ಹೇಳುತ್ತಿತ್ತು, “ನಿಧಾನ, ಮೊಣಗಂಟು!” ಎಂದು ಬಾಲ ಕೂಗುತ್ತಿತ್ತು. ಅಂಚೆ ಡಬ್ಬಿಯ ಬಳಿ ಕುದುರೆ ಗಕ್ಕನೆ ನಿಂತಿತು. ಉಳಿದವು ಗೆರೆ ದಾಟಿ ಬಿಯರ್ ಕುಡಿಯತೊಡಗಿದವು.

ಬಟ್ಟೆ ಬಿಚ್ಚದೆ ಒಳಗೇ ಜಾಗ ಬದಲಿಸಬಹುದೆಂಬುದು ಜಗದೇವಪ್ಪನವರ ಎಣಿಕೆ. ಅವರು ಬಲಕ್ಕೆ ಹೊರಳಿದರು. ರಘುರಾಮರೂ ತಮ್ಮ ಬಲಕ್ಕೇ ಹೊರಳಿದರು. ಕುದುರೆಯ ಹೊಟ್ಟೆ ಉಬ್ಬಿತು, ತಲೆ ಹೋಗಿ ಬಾಲದ ಮೇಲೆ ಕೂತಿತು, ಜಿಪ್ ಕಚ್ಚಿಕೊಂಡಿತು. ಜನ ಶಿಳ್ಳೆ ಹೊಡೆದರು.

“ಹೋಯ್, ನಂಗೆ ಎಂತದೂ ಕಾಣ್ತಿಲ್ಲೆ!”

“ನನಗೂ ಕಾಣವಲ್ದು.”

ಹೊರಗಿನಿಂದ ಚಂದ್ರವ್ವನ ದನಿ ಕೇಳಿತು. “ಏನ್ರೀ, ಜೀವಂತ ಅದೀರಿಲ್ಲೋ?”

ಹೊರಳಾಟದಲ್ಲಿ ಇಬ್ಬರೂ ಕತ್ತಲಲ್ಲಿ ಬೆನ್ನಿಗೆ ಬೆನ್ನು ತಾಗಿ ಸಿಕ್ಕಿಕೊಂಡು ನಿಂತಿದ್ದರು. ಮುಖ ಕಾಣದಿದ್ದಾಗ ಮಾತು ಹಗುರಾಗುತ್ತದೆಂಬುದು ಜಗದೇವಪ್ಪನವರಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

“ರಘುರಾಮರೆ, ಒಂದು ಕೇಳತೀನಿ. ನನ್ನ ಮಗಳು ನಿಮಗ ಬ್ಯಾಡೇನ್ರಿ?”

“ಅಯ್ಯೋ, ಯಾರು ಹೇಳಿದ್ದು?”

“ಮುಂಜಾನಿಂದ ನೀವು ಬಾಯೇ ಬಿಡಲಿಲ್ಲ.”

“ಹೆಣ್ಣಿನ ಅಪ್ಪ ನೀವು. ನೀವು ಮಾತೆತ್ತದೆ ನಾನು ಹ್ಯಾಂಗೆ ಎತ್ತೂದು? ಚಾ ಕುಡಿದು ಕುಡಿದು ಹೊಟ್ಟೆ ಕೆಟ್ಟಿತು ಮಾರಾಯ್ರೆ.”

“ನಮ್ಮ ಮನ್ಯಾಗ ಗಂಡಿನವರು ಮೊದಲು ಕೇಳೂದು!”

“ನಮ್ಮ ಮನೇಲಿ ಹೆಣ್ಣಿನವರು!”

ಕುದುರೆಯ ಹೊಟ್ಟೆ ಕುಲುಕತೊಡಗಿತು. ಒಳಗೆ ಇಬ್ಬರು ಹಿರಿಯರು ಸದ್ದಿಲ್ಲದೆ ನಗುತ್ತಿದ್ದಾರೆಂದು ಹೊರಗಿನ ಯಾರಿಗೂ ಹೊಳೆಯಲಿಲ್ಲ. ಕುದುರೆಗೆ ವಾಂತಿ ಬಂದಿದೆಯೆಂದು ಒಂದು ಮಗು ಅತ್ತಿತು.

“ಹಾಗಾದ್ರೆ ನಾನೇ ಕೇಳಿದೆ,” ಎಂದರು ರಘುರಾಮರು. “ಕೊಡ್ತೀರಾ?”

“ಕೊಟ್ಟೆ!”

ರೂಢಿಯ ಬಲದಿಂದ ಇಬ್ಬರೂ ಒಮ್ಮೆಗೇ ಕೈಮುಗಿದು ಬಾಗಿದರು. ಬೆನ್ನಿಗೆ ಬೆನ್ನಿದ್ದವರು ಬಾಗಿದಾಗ ಹಿಂಭಾಗಗಳು ಪರಸ್ಪರ ಗುದ್ದಿದವು. ಕುದುರೆ ನಡುವಿನಲ್ಲಿ ಪರ್‌ ಎಂದು ಹರಿಯುತ್ತ ರಸ್ತೆಯಲ್ಲಿ ಕುಸಿಯಿತು. ಸೌಜನ್ಯಾ ಕತ್ತರಿ ಹಿಡಿದು ಓಡಿ ಬಂದಳು. ಹಿಂದೆಯೇ ಸಂದೇಶ.

“ಅಪ್ಪಾ, ತಡೀರಿ, ಕಟ್ ಮಾಡ್ತೀನಿ!”

“ಅವಸರ ಬ್ಯಾಡವ್ವಾ,” ಎಂದಿತು ಕುದುರೆಯ ಒಂದು ತುಂಡು. “ಬೀಗರು ಮದುವಿ ಮೇ ತಿಂಗಳಾಗ ಅನ್ನಾಕತ್ಯಾರ. ಜೂನಿಗೆ ಒಪ್ಪಿಸಿ ಹೊರಗ ಬರ್ತೀನಿ.”