ಹಂಚಿನ ಕಾರ್ಖಾನೆಯ ಹಾಡು

ಲಿಂಗಪೂಜೆಗೆ ಕುಳಿತಾಗಲೂ ಬಸವಣ್ಣೆವ್ವನ ತಲೆಯಲ್ಲಿ ಸಿನೆಮಾದ ಹಾಡು ತಿರುಗುತ್ತಿತ್ತು. ಬಾಯಿ ಪಂಚಾಕ್ಷರಿ ಜಪಿಸುತ್ತಿದ್ದರೆ ಒಳಗೆ ಯಾವುದೋ ಹಳೆಯ ಹಿಂದಿ ಹಾಡು. ಅದೂ ಪೂರ್ತಿಯಲ್ಲ, ಬರೀ ಪಲ್ಲವಿ. ಒಂದು ಕಡೆ ಏರಿ ಅಲ್ಲೇ ನಿಂತುಬಿಡುತ್ತಿತ್ತು. ಮುಂದೆ ದಾರಿ ಕಾಣದ ಎತ್ತಿನ ಹಾಗೆ ಹಿಂದಕ್ಕೆ ತಿರುಗಿ ಮತ್ತೆ ಮೊದಲಿನಿಂದ ಹೊರಡುತ್ತಿತ್ತು.

ಹಾಡು ಅವಳದಲ್ಲ, ಲಿಂಗೈಕ್ಯನಾದ ಗಂಡ ಗುರುಪುತ್ರಪ್ಪನದು. ಲಕ್ವ ಹೊಡೆದು ಅವನ ಮಾತು ಹೋಗಿತ್ತು. ಹೆಂಡತಿಯ ಹೆಸರು ಬರಲಿಲ್ಲ, ಮಗನ ಹೆಸರು ಬರಲಿಲ್ಲ, ನೀರು ಎನ್ನಲೂ ನಾಲಗೆ ಹೊರಳಲಿಲ್ಲ. ಈ ಪಲ್ಲವಿ ಮಾತ್ರ ಒಂದು ಶಬ್ದವೂ ತಪ್ಪದೆ ಬರುತ್ತಿತ್ತು. ಮಾತು ಇರುವ ಜಾಗ ಬೇರೆ, ಹಾಡು ಇರುವ ಜಾಗ ಬೇರೆ, ಹೀಗೂ ಆಗುವುದುಂಟು ಎಂದು ಡಾಕ್ಟರು ಹೇಳಿದ್ದರು. ಅವರಿಗೇನು, ಹೇಳಿ ಹೋದರು. ಅರ್ಧ ಆಯುಷ್ಯಕ್ಕೂ ಹೆಚ್ಚು ಕಾಲ ಜೊತೆಗೆ ಉಂಡವಳ ಹೆಸರು ಅಳಿಸಿಹೋಗಿ, ಅವಳು ಒಮ್ಮೆಯೂ ಕೇಳದ ಹಾಡು ಉಳಿದಿತ್ತಲ್ಲ, ಅದನ್ನು ನುಂಗುವುದು ಹೇಗೆ?

ಬೆಳಗಾವಿಯ ರಾಮತೀರ್ಥ ನಗರದ ಆ ಮನೆಯಲ್ಲಿ ಸಿನೆಮಾ ಹಾಡಿಗೆ ಎಂದೂ ಪ್ರವೇಶವಿರಲಿಲ್ಲ. ಬಸವಣ್ಣೆವ್ವ ಮಠದ ಬಾಗಿಲಲ್ಲಿ ಬೆಳೆದವಳು. ರೇಡಿಯೊದಲ್ಲಿ ವಚನವಾದರೆ ಇರಲಿ, ಇಲ್ಲವಾದರೆ ಅದರ ಕಿವಿ ಹಿಂಡಿ ಆರಿಸು. ಗುರುಪುತ್ರಪ್ಪ ಎದುರಾಡಿದವನಲ್ಲ. ಚಪ್ಪಲಿಯಂತೆ ಹಾಡನ್ನೂ ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದನೆಂದು ಈಗ ತಿಳಿಯಿತು. ಹೊರಗೆ ಅಂದರೆ ಎಲ್ಲಿ? ಯಾರ ಮುಂದೆ?

ಮೊಮ್ಮಗಳು ಸೃಷ್ಟಿ, ಗುನುಗಿದರೆ ಸಾಕು ಫೋನು ಹಾಡು ಹುಡುಕಿಕೊಡುತ್ತದೆ ಎಂದಳು. ಅಜ್ಜಿ ಫೋನಿಗೆ ಬಾಯಿ ಹಚ್ಚಿ ಗುನುಗಿದಳು. ಅದು ಹಲ್ಲುಪುಡಿಯ ಜಾಹೀರಾತು ತೋರಿಸಿತು. ಇಬ್ಬರೂ ನಕ್ಕರು. ಆಮೇಲೆ ಶಬ್ದಗಳನ್ನು ಕೇಳಿ ಹುಡುಗಿ ಅರ್ಥ ಹೇಳಿದಳು.

“ಲವ್ ಸಾಂಗ್ ಐತಿ ಅಜ್ಜಿ. ನೀ ಇಲ್ಲದ ನನಗ ಹಗಲಿಲ್ಲ ಅಂತ. ಅಜ್ಜಾ ಯಾರ್ನರೆ ನೋಡಿ ಇಟ್ಟಿದ್ನೇನ ಮತ್ತ?”

ನಗೆಗೆ ಆಡಿದ ಮಾತು. ಅಜ್ಜಿಗೆ ಅದು ಗಂಟಲಿನ ಮುಳ್ಳಾಯಿತು.

ಹೀಗಿರುವಾಗ ಖಾನಾಪುರದಿಂದ ಕುಂದಾಬಾಯಿ ಮಾತನಾಡಿಸಲು ಬಂದಳು. ಗುರುಪುತ್ರಪ್ಪನ ಹಳೆಯ ಗೆಳೆಯ ಬಾಳಕೃಷ್ಣನ ಹೆಂಡತಿ, ಅತ್ತಿಗೆ ಎನ್ನುವುದನ್ನು ವಹಿನಿ ಎನ್ನುವ ಮರಾಠಿ ಮನೆಯವಳು. ಸೊಂಟ ಮುರಿದುಕೊಂಡು ಬಾಳಕೃಷ್ಣ ವರ್ಷದಿಂದ ಹಾಸಿಗೆ ಹಿಡಿದಿದ್ದ. ಗೆಳೆಯನ ಕಾಯಿಲೆಗೂ ಬರಲಾಗಲಿಲ್ಲ, ಮಣ್ಣಿಗೂ ಬರಲಾಗಲಿಲ್ಲ. ಅವನ ಪರವಾಗಿ ಇವಳು ಬಂದಿದ್ದಳು. ಬಸವಣ್ಣೆವ್ವ ಚಹಾಕ್ಕಿಟ್ಟು ತನಗರಿಯದೆ ಗುನುಗಿದಳು. ಕುಂದಾಬಾಯಿಯ ಮುಖ ಅರಳಿತು.

“ವಹಿನಿ, ಇದು ಗುರುಭಾವೂಜಿ ಹಾಡಲ್ಲೇನ್ರಿ? ಎಷ್ಟ್ ವರ್ಷಾತು ಕೇಳಿ.”

ಅಷ್ಟು ಹೇಳಿ ಅವಳು ಗೋಡೆ ನೋಡಿ ತನ್ನಷ್ಟಕ್ಕೆ ನಕ್ಕಳು. ಮಗ ಹೊರಗೆ ಗಾಡಿಯಲ್ಲಿ ಅವಸರ ಮಾಡುತ್ತಿದ್ದುದರಿಂದ ಚಹಾ ಕುಡಿದು ಹೊರಟುಹೋದಳು. ಆ ನಗೆ ಮಾತ್ರ ಮನೆಯಲ್ಲಿ ಉಳಿಯಿತು.

ಅಂದಿನಿಂದ ಬಸವಣ್ಣೆವ್ವನಿಗೆ ಅನ್ನ ರುಚಿಸಲಿಲ್ಲ. ಕುಂದಾಬಾಯಿಯ ತಲೆಗೂದಲು ಇನ್ನೂ ಅರ್ಧ ಕಪ್ಪು. ಮೂಗಿನ ನತ್ತು ಎಷ್ಟು ಒಪ್ಪುತ್ತಿತ್ತು. ಗಂಡ ಸಂತೆಯ ನೆಪದಲ್ಲಿ ಖಾನಾಪುರಕ್ಕೆ ಹೋಗುತ್ತಿದ್ದುದು, ಅರೆಬರೆ ಚೀಲ ತಂದರೂ ಮುಖ ತುಂಬಿ ಬರುತ್ತಿದ್ದುದು, ಎಲ್ಲವೂ ಒಂದೊಂದಾಗಿ ನೆನಪಾಯಿತು. ಆಗ ಅವಳು ಬದನೆಕಾಯಿ ಹುಳುಕೆಂದು ಬೈದಿದ್ದಳೇ ಹೊರತು ಮುಖ ನೋಡಿರಲಿಲ್ಲ. ಈಗ ಬದನೆಕಾಯಿ ಬಿಟ್ಟು ಆ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಇದ್ದವನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಜಗಳವಾಡಿ ತೀರಿಸಿಕೊಳ್ಳಬಹುದು, ಶಿವನ ಪಾದ ಸೇರಿದವನ ಮೇಲೆ ಪಟ್ಟರೆ ಯಾರ ಕೂಡ ಜಗಳ? ಶಿವನೇ, ಈ ಕಿಚ್ಚು ಆರಿಸು ಎಂದು ಬೇಡಿದಳು. ಬೇಡುತ್ತಿರುವಾಗಲೇ ಪಲ್ಲವಿ ಶುರುವಾಯಿತು.

ಕೊನೆಗೆ ಗಂಡನ ಉಣ್ಣೆಯ ಶಾಲನ್ನು ಬಾಳಕೃಷ್ಣನಿಗೆ ಕೊಡುವ ನೆಪ ಮಾಡಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ಪೀರನವಾಡಿ ದಾಟುವವರೆಗೆ ಏನು ಕೇಳಬೇಕೆಂದು ಜೋಡಿಸಿಕೊಂಡಳು. ಖಾನಾಪುರದಲ್ಲಿ ಇಳಿಯುವಾಗ ಜೋಡಿಸಿದ್ದೆಲ್ಲ ಚೆಲ್ಲಿಹೋಗಿತ್ತು.

ಬಾಳಕೃಷ್ಣ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದ. ಬಸವಣ್ಣೆವ್ವ ಅಡಿಗೆಮನೆಗೆ ಹೋಗಿ, ಅವಲಕ್ಕಿ ಒಗ್ಗರಿಸುತ್ತಿದ್ದ ಕುಂದಾಬಾಯಿಯ ಬೆನ್ನಿಗೇ ಕೇಳಿಬಿಟ್ಟಳು.

“ಆ ಹಾಡು ಅವರು ನಿಮ್ಮ ಮುಂದ ಹಾಡತಿದ್ರೇನು?”

ಕುಂದಾಬಾಯಿ ತಿರುಗಿದಳು. ಕೇಳಿದವಳ ಮುಖ ನೋಡಿ ಅವಳಿಗೆ ಎಲ್ಲವೂ ತಿಳಿಯಿತು. ಸಿಟ್ಟು ಮಾಡಲಿಲ್ಲ, ನಕ್ಕಳು.

“ನನ್ ಮುಂದ? ಅಯ್ಯ ವಹಿನಿ, ಹೊಸಾ ಮದಲಗಿತ್ತಿ ನಾನು, ಡಬ್ಬಿ ತಗೊಂಡು ಕಾರ್ಖಾನಿಗಿ ಹೋಗಿ ಬಿಸಲಾಗ ನಿಂತ್ರ ಇಬ್ಬರೂ ಹೊಳ್ಳಿ ನೋಡತಿರಲಿಲ್ಲ. ಹಾಡು ಮುಗದ ಮ್ಯಾಲ ಊಟ. ಖರೇ ಹೇಳ್ತೀನಿ, ಆಗ ನನಗ ಸವತಿ ಅಂತ ಯಾರರ ಇದ್ರ ಅದು ನಿಮ್ಮ ಗಂಡ.”

ಮಂಚದಿಂದ ಇದನ್ನು ಕೇಳಿಸಿಕೊಂಡ ಬಾಳಕೃಷ್ಣ ಇಬ್ಬರನ್ನೂ ಹೊರಗೆ ಕರೆದು ತಾನೇ ಹೇಳಿದ. ಬಸವಣ್ಣೆವ್ವನ ಕೈಹಿಡಿಯುವ ಮೊದಲು, ಬೆಳಗಾವಿಯ ನೌಕರಿ ಸಿಗುವ ಮೊದಲು, ಗುರುಪುತ್ರಪ್ಪ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಅವನ ಜೋಡಿಯಾಗಿದ್ದ. ಬಾಳಕೃಷ್ಣ ಬಗ್ಗಿ ಮಣ್ಣಿನ ಹೆಂಟೆ ಎತ್ತಿ ಅಚ್ಚಿನಲ್ಲಿ ಇಡುವವನು, ಗುರುಪುತ್ರಪ್ಪ ಒತ್ತುಯಂತ್ರದ ಕಬ್ಬಿಣದ ಹಿಡಿಕೆ ತಿರುಗಿಸುವವನು. ತಿರುಗಿಸುವಾಗ ಉಸಿರು ಕಟ್ಟಬೇಕು, ಆಗ ಬಾಯಿ ತೆರೆಯಲಾಗದು. ಮಣ್ಣು ಎತ್ತುವವನಿಗೂ ಹಾಗೆಯೇ. ಅದಕ್ಕೆ ಹಾಡನ್ನು ಹಂಚಿಕೊಂಡಿದ್ದರು. ಇವನು ಮಣ್ಣು ಎತ್ತುವಾಗ ಅವನ ಪಲ್ಲವಿ, ಅವನು ಒತ್ತುವಾಗ ಇವನ ಚರಣ. ಚರಣ ಶುರುವಾಯಿತೆಂದರೆ ಕೈ ಹೊರಗೆ ಬಂತೆಂದು ಗುರುತು, ಹಾಡು ತಪ್ಪಿದರೆ ಅಚ್ಚಿನಲ್ಲಿದ್ದ ಕೈ ಹೋಗುತ್ತಿತ್ತು. ಆಮೇಲೆ ಸಂತೆಗೆ ಬಂದಾಗಲೂ ಇದೇ ಮಂಚದ ಮೇಲೆ ಕುಳಿತು ಒಮ್ಮೆ ಹಾಡಿಯೇ ಅವನು ಬಸ್ಸು ಹತ್ತುತ್ತಿದ್ದ.

“ಅಂವಗ ಚರಣ ಬರತಿರಲೇ ಇಲ್ರಿ ವಹಿನಿ. ಕಲೀ ಅಂದ್ರ, ಅದು ನಿನ್ನ ಪಾಲು ಬಾಳ್ಯಾ, ನನಗ್ಯಾಕ, ಅಂತಿದ್ದ.”

ಬಸವಣ್ಣೆವ್ವನಿಗೆ ಗಂಡನ ಕಾಯಿಲೆಯ ದಿನಗಳು ನೆನಪಾದವು. ಪಲ್ಲವಿ ಮುಗಿಸಿದಾಗಲೆಲ್ಲ ಗಂಡ ಬಾಗಿಲ ಕಡೆ ನೋಡುತ್ತಿದ್ದ. ನೀರು ಬೇಕೇನೋ ಎಂದು ಅವಳು ಚಮಚದಿಂದ ಹನಿಸುತ್ತಿದ್ದಳು. ಅವನು ನುಂಗಿ ಮತ್ತೆ ಬಾಗಿಲು ನೋಡುತ್ತಿದ್ದ. ನೀರಲ್ಲ, ಅವನು ಕಾಯುತ್ತಿದ್ದದ್ದು ಚರಣಕ್ಕೆ.

ಹೆಣ್ಣಾಗಿದ್ದರೆ ಬೈದು ಹಗುರಾಗಬಹುದಿತ್ತು. ಸೊಂಟ ಮುರಿದ ಈ ಮುದುಕನನ್ನು ಏನೆಂದು ಬೈಯುವುದು? ಒಳಗಿನ ಕಿಚ್ಚು ಆರುವ ಬದಲು ಮತ್ತೊಂದು ಕಟ್ಟಿಗೆ ಹಿಡಿಯಿತು. ಹೆಸರು ಹಿಡಿದು ಕರೆಯುತ್ತ, ಮೈ ಒರೆಸುತ್ತ ಪಕ್ಕದಲ್ಲಿದ್ದವಳು ತಾನು. ಕಣ್ಣು ಹುಡುಕಿದ್ದು ಇವನನ್ನು.

“ಕಡೀಕ ನನ್ನ ನೆನಸಿದ್ನೇನ್ರಿ?” ಎಂದು ಬಾಳಕೃಷ್ಣ ಮೆಲ್ಲಗೆ ಕೇಳಿದ.

ಇಲ್ಲ, ಶಿವಶಿವಾ ಅನ್ನುತ್ತ ಹೋದರು, ಎಂಬ ಮಾತು ಅವಳ ತುಟಿಗೆ ಬಂದಿತ್ತು. ಹೇಳಿದರೆ ಯಾರು ಕೇಳುವವರು? ಆದರೆ ಸೆರಗಿನೊಳಗೆ ಎದೆಯ ಮೇಲೆ ಲಿಂಗವಿತ್ತು. ಅದರ ಮೇಲೆ ಕೈ ಹೋಯಿತು, ಸುಳ್ಳು ಹೊರಡಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಪಲ್ಲವಿ, ನಿಲ್ಲುತ್ತಿದ್ದ ಜಾಗ, ಬಾಗಿಲ ಕಡೆಯ ನೋಟ.

ಬಾಳಕೃಷ್ಣನ ಗಲ್ಲದ ಮೇಲೆ ನೀರಿಳಿಯಿತು. ಅವನು ದಿಂಬಿನಿಂದ ಎದ್ದು ಕುಳಿತು, ಗಂಟಲು ಸರಿ ಮಾಡಿಕೊಂಡು ಬಾಯಿ ತೆರೆದ.

“ಹಾಡಬ್ಯಾಡ್ರಿ ಅಣ್ಣಾರ,” ಎಂದಳು ಬಸವಣ್ಣೆವ್ವ.

“ನನ್ನ ಪಾಲಿನ ಚರಣ ಐತಲ್ರಿ ವಹಿನಿ.”

“ಇರಲಿ. ನನಗ ಅರ್ಧಾನ ಬಿಟ್ಟ ಹೋಗ್ಯಾರ. ಅರ್ಧಾನ ಇರಲಿ. ನಾ ಹೋದ ಮ್ಯಾಲ ಹಾಡ್ಕೋರಿ. ಗೇಟಿನ ಚಿಲಕದ ಸಪ್ಪಳ ಕೇಳೂತನಕ ತಡೀರಿ.”

ಅವನು ತಲೆಯಾಡಿಸಿದ. ಕುಂದಾಬಾಯಿ ಅವಲಕ್ಕಿ ತಿಂದು ಹೋಗಿರೆಂದು ಒತ್ತಾಯಿಸಿದಳು, ಇವಳು ಒಂದು ತುತ್ತು ಬಾಯಿಗಿಟ್ಟು ಎದ್ದಳು. ಮೊಣಕಾಲು ನೋವು ಲೆಕ್ಕಿಸದೆ ಅಂಗಳ ದಾಟಿದಳು. ಒಳಗಿನಿಂದ ದನಿಯಿಲ್ಲ. ಮುದುಕ ಮಾತಿಗೆ ತಪ್ಪದೆ ಚಿಲಕದ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದ.

ಬಸವಣ್ಣೆವ್ವ ಹೊರಗೆ ನಿಂತು ಗೇಟನ್ನು ಎಳೆದುಕೊಂಡಳು. ಚಿಲಕವನ್ನು ಎರಡು ಬೆರಳಿನಿಂದ ಎತ್ತಿ ಹಿಡಿದಳು. ಆಮೇಲೆ ನಿದ್ದೆಹೋದ ಕೂಸನ್ನು ತೊಟ್ಟಿಲಿಗಿಳಿಸುವಂತೆ, ಒಂದಿಷ್ಟೂ ಸಪ್ಪಳವಾಗದ ಹಾಗೆ ಅದನ್ನು ಕೊಂಡಿಗೆ ಇಳಿಸಿದಳು. ನಮ್ಮವರು ಅಷ್ಟು ಕಾದರು, ಇವರೂ ಒಂದಿಷ್ಟು ಕಾಯಲಿ ಎಂದುಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.