ಅರಿಸಿನ ಬಟ್ಟೆಯಲ್ಲಿದ್ದ ಕಾರ್ಡು

ಪಳನಿಯಮ್ಮಾಳ್ ಮನೆಯವರು ಆಡುವುದು ಕನ್ನಡ, ಓದುವುದು ತಮಿಳು. ಕೊಯಮತ್ತೂರಿನ ಬಳಿಯ ತೊಂಡಾಮುತ್ತೂರಿನ ಕಡೆ ತಲೆಮಾರುಗಳಿಂದ ಹಾಗೇ ನಡೆದಿತ್ತು. ತಾತ ವೆಲ್ಲಿಂಗಿರಿ ಬರ್ಮಾ ಯುದ್ಧಕ್ಕೆ ಹೋದ ಮೇಲೆ ಬಂದ ಒಂದೇ ಒಂದು ಮಿಲಿಟರಿ ಕಾರ್ಡು ಕನ್ನಡ ಅಕ್ಷರದಲ್ಲಿತ್ತು. ತಾತನಿಗೆ ಯಾವ ಅಕ್ಷರವೂ ಬಾರದು. ಬರೆದವನು ಬೇರೆ ಯಾರೋ. ಸಾವಿನ ಸುದ್ದಿಯೇ ಇರಬೇಕು, ಅವನ ಕಥೆ ಮುಗಿಯಿತು ಎಂದುಕೊಂಡರು ಎಲ್ಲರೂ.

ತಾತನ ತಮ್ಮ ಅದನ್ನು ಕೊಯಮತ್ತೂರಿಗೆ ಒಯ್ದು ಓದಿಸಲು ಹೊರಟರೆ ಅಜ್ಜಿ ಪಾಪಾತಿ ಅವನ ಕೈಯಿಂದ ಕಿತ್ತುಕೊಂಡಳು. ಓದಿದರೆ ತಾನೇ ಸಾವು? ಅರಿಸಿನ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿಗೆ ಸೇರಿಸಿ, ಶುಕ್ರವಾರ ಶುಕ್ರವಾರ ಹೂವಿಟ್ಟಳು. ಮುತ್ತೈದೆಯಾಗಿಯೇ ಸತ್ತಳು ಮಹಾತಾಯಿ. ಅವಳ ಹಟಕ್ಕೆ ಹೆದರಿ ಆಮೇಲೂ ಯಾರೂ ಬಟ್ಟೆ ಬಿಚ್ಚಲಿಲ್ಲ.

ಕಳೆದ ವರ್ಷ ತಮ್ಮ ಧನಪಾಲ್ ತೀರಿಕೊಂಡ ಮೇಲೆ, ಮದುವೆಯಾಗದ ಅರವತ್ತಮೂರರ ಪಳನಿಯಮ್ಮಾಳಿಗೆ ನನ್ನವರು ಎನ್ನಲು ಒಬ್ಬರೂ ಉಳಿಯಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದಿನವಿಡೀ ನೂಲು ಕತ್ತರಿಸಿ ಕೋಣೆಗೆ ಬಂದರೆ ಉಂಡೆಯಾ ಎಂದು ಕೇಳುವವರಿಲ್ಲ. ತನ್ನ ರಕ್ತದವರು ಎಲ್ಲಾದರೂ ಇದ್ದಾರೇನೋ ಎಂಬ ಆಸೆ ಮೊದಲೇ ಸತ್ತಿತ್ತು; ಸತ್ತವರಿಗಾದರೂ ತಿಥಿಯ ದಿನ ಒಂದು ಎಲೆ ಹಾಕೋಣವೆಂದು ಕಾರ್ಡನ್ನು ಕಂಪನಿ ಆಫೀಸಿನ ಹಾಸನದ ಹುಡುಗಿ ಭೂಮಿಯ ಮುಂದಿಟ್ಟಳು.

“ಮಾತು ಬರ್ತದ ನನ್ ಕಣ್ಣೇ, ಕನ್ನಡದ ಎಳುತ್ತು ಓದಕ್ಕ ಬರಾದಿಲ್ಲ. ತಾತ ಸತ್ತ ತೇದಿ ಎಷ್ಟು ನೋಡು.”

ಭೂಮಿ ಓದಿ ತಲೆಯೆತ್ತಿದಳು. “ಅಮ್ಮಾ, ಅವರು ಸತ್ತಿರಲಿಲ್ಲ.”

‘ಒಂದು ಕಾಲು ಹೋಯಿತು. ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿದ್ದೇನೆ. ಪಕ್ಕದ ಹಾಸಿಗೆಯ ಗುಂಡ್ಲುಪೇಟೆಯವನು ಬರೆದುಕೊಡುತ್ತಿದ್ದಾನೆ. ಈ ಕುಂಟ ಬೇಕಾದರೆ ದೀಪಾವಳಿಯೊಳಗೆ ಯಾರನ್ನಾದರೂ ಕಳಿಸು. ಬಾರದಿದ್ದರೆ ಬೇಡವೆಂದು ತಿಳಿದು ಇವನ ಊರಿಗೆ ಹೋಗುತ್ತೇನೆ.’

ಊರಿನ ಹೆಸರೂ ಇತ್ತು. ಪಳನಿಯಮ್ಮಾಳ್ ಅಜ್ಜಿಯನ್ನು ಬಾಯಿತುಂಬ ಬೈದಳು, ಬೈದದ್ದಕ್ಕೆ ಅತ್ತಳು. ಭೂಮಿ ಆ ಊರಿನ ಪಂಚಾಯಿತಿಗೆ ಫೋನಿನ ಮೇಲೆ ಫೋನು ಮಾಡಿ, ಮೂರನೇ ದಿನ ಮಾದೇವಮ್ಮ ಎಂಬವಳ ನಂಬರು ಹಿಡಿದಳು. ವೆಲ್ಲಿಂಗಿರಿ ಅಲ್ಲೇ ಮದುವೆಯಾಗಿದ್ದ; ಇವಳು ಆ ಕಡೆಯ ಮೊಮ್ಮಗಳು. ಪಳನಿಯಮ್ಮಾಳ್ ಫೋನು ಹಿಡಿದು ತಾನು ಯಾರೆಂದು ಹೇಳಿದಳು.

“ಈಗ ನೆಪ್ಪಾಯ್ತಾ?” ಮಾದೇವಮ್ಮನ ದನಿ ಗಡುಸಾಗಿತ್ತು. “ಕಾಗ್ದ ಬರ್ದೆ, ಯಾರೂ ಬರ್ನಿಲ್ಲ ಅಂತ ನಮ್ ತಾತ ಸಾಯೋಗಂಟ ಕೊರಗ್ತು. ಕುಂಟ ಅಂತ ಬುಟ್‌ಬುಟ್ರಲ್ಲ.”

“ಬುಡ್ಲಿಲ್ಲ ತಾಯಿ. ಕಾಗ್ದ ಓದ್ಲೇ ಇಲ್ಲ. ಓದುದ್ರ ಸತ್ತೋಗವ್ರ ಅಂತ ತಿಳೀತದ ಅಂತ ಅಜ್ಜಿ ಹೆದ್ರಿ ದೇವ್ರತ್ರ ಮಡಗ್ಬುಟ್ಟಿತ್ತು. ಮೊನ್ನೆ ತಿಳೀತು ನಂಗ.”

 

“ಇದ್ನ ನಂಗ ಹೇಳಿ ಏನ್ ಬಂತು? ಸಮಾಧಿ ನಮ್ ಹೊಲ್ದಲ್ಲೇ ಅದ. ಬಂದು ಅಲ್ಲೇ ಹೇಳಿ.” ಮಾದೇವಮ್ಮನ ದನಿ ಒಡೆದಿತ್ತು. “ಎಷ್ಟ್ ಜನ ಬತ್ತೀರಿ? ಅನ್ನಕ್ಕ ಇಡ್ಬೇಕಲ್ಲ.”

“ನಾನೊಬ್ಳೇ ತಾಯಿ,” ಎಂದಳು ಪಳನಿಯಮ್ಮಾಳ್. “ಈ ಕಡ ಇರಾದೇ ಅಷ್ಟು.”