ನೋವಿಲ್ಲದ ಕಾಲು

"ಅಯ್ಯೋ ನನ್ನಪ್ಪಾ, ಎಲ್ಲಿ ಹೋದ್ಯಪ್ಪಾ!" ಎಂದು ಕೂಗಿ ಅಳುತ್ತ ಎಸೆನ್ ಬೇಲಿ ದಾಟಿ ಬಂದ. ಸಾವಿನ ಗುಡಾರಕ್ಕೆ ಗಂಡಸರು ಬರುವುದೇ ಹಾಗೆ, ಕೋಲೂರಿಕೊಂಡು, ಸತ್ತ ಹಿರಿಯರನ್ನು ಅಪ್ಪನೆಂದೇ ಕರೆದು, ದನಿಯೆತ್ತಿ. ಉಳಿದವರ ಕೋಲು ಬರೀ ಶಾಸ್ತ್ರಕ್ಕೆ. ಎಸೆನ್‌ನ ಮೈಭಾರವೆಲ್ಲ ಕೋಲಿನ ಮೇಲೇ ಬಿದ್ದಿತ್ತು. ಬಾಗಿಲಲ್ಲಿ ಹೆಂಗಸರ ಜೊತೆ ನಿಂತಿದ್ದ ಬುರುಲ್‌ಗೆ ಅದು ಕಂಡುಬಿಟ್ಟಿತು. ತೀರಿಕೊಂಡ ಡಾಕ್ಟರ್ ಜುಮಾಕದಿರ್ ಅವರ ಶಿಷ್ಯೆ ಅವಳು. ಇನ್ನು ಕಣಿವೆಗೆಲ್ಲ ಅವಳೊಬ್ಬಳೇ ಡಾಕ್ಟರು.

ಪ್ರಾರ್ಥನೆ ಮುಗಿಯಿತು. ಎಸೆನ್ ಕೋಲು ಬಿಸಾಡಿ ಚಟ್ಟಕ್ಕೆ ಕೈಹಾಕಿದ.

"ಎಸೆನಣ್ಣ, ತಡಿ. ಮಂಡಿ ತೋರ್ಸು," ಎಂದು ಬುರುಲ್ ಅಡ್ಡ ಬಂದಳು.

"ಭಾನುವಾರ ಆಟದಲ್ಲಿ ಕುದುರೆಯಿಂದ ಬಿದ್ದೆ, ಅಷ್ಟೇ."

"ಆಟಕ್ಕಿಳಿಯೋಕೆ ಡಾಕ್ಟ್ರ ಚೀಟಿ ಬೇಕು, ಸರಿ. ಹೆಣ ಹೊರೋಕೂ ನಿನ್ನ ಚೀಟಿ ಬೇಕೇನಮ್ಮ?" ಎಂದು ಮುದುಕನೊಬ್ಬ ಗೊಣಗಿದ.

ಎಸೆನ್ ದನಿ ತಗ್ಗಿಸಿದ. "ಹನ್ನೆರಡು ವರ್ಷದ ಹಿಂದೆ, ಫೈನಲ್ ದಿನ, ಡಾಕ್ಟ್ರಜ್ಜ ನಂಗೆ ಆಡೋ ಚೀಟಿ ಕೊಡ್ಲಿಲ್ಲ. ಅವತ್ತಿಂದ ಅವರ ಹತ್ರ ಮಾತೇ ಬಿಟ್ಟೆ. ಕಾಲು ಉಳಿದಿದ್ದು ಅದ್ರಿಂದ್ಲೇ ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಒಂದ್ಸಲಾನೂ ಅವರ ಹತ್ರ ಹೇಳ್ಲಿಲ್ಲ ತಂಗಿ. ಈಗ ಹೆಗಲಾದ್ರೂ ಕೊಡ್ತೀನಿ, ಬಿಡು."

*

ಡಾಕ್ಟರ ಜೊತೆ ಬುರುಲ್ ಐದು ಬೇಸಿಗೆ ಕುದುರೆಯಾಟದ ಮೈದಾನದ ಬದಿಯಲ್ಲಿ ಕೂತು ಕಲಿತಿದ್ದಳು. ಪೆಟ್ಟಾದವನು ಬಂದರೆ ಅವಳ ಕೈ ನೇರ ಊದಿದ ಮಂಡಿಗೇ ಹೋಗುತ್ತಿತ್ತು. ಡಾಕ್ಟರು ಎರಡು ಬೆರಳಿನಿಂದ ಆ ಕೈ ಮೇಲೆ ಪಟ್ಟನೆ ಹೊಡೆಯುತ್ತಿದ್ದರು.

"ನೋವಿಲ್ಲದ ಕಾಲು ಮೊದ್ಲು ಕಣೇ. ಇವನ ಮಂಡಿ ಮುಂಚೆ ಹೆಂಗಿತ್ತು ಅಂತ ಅದೇ ತಾನೇ ಹೇಳೋದು? ಇವನಿಗೂ ನಿನ್ನ ಕೈಯ ಹೆದರಿಕೆ ಹೋಗುತ್ತೆ."

"ಗೊತ್ತು ಸರ್."

"ತಲೆಗೆ ಗೊತ್ತು. ಕೈಗೆ ಗೊತ್ತಿಲ್ಲ."

ಕಳೆದ ವಾರವೂ ಹೊಡೆದಿದ್ದರು. "ನಾನೇನು ಚಿಕ್ಕ ಹುಡುಗೀನಾ ಸರ್?" ಎಂದು ಅವಳು ರೇಗಿದ್ದಳು. ಅವರು ನಕ್ಕು ಚಹಾ ಕುಡಿಯಲು ಹೋಗಿದ್ದರು.

*

ಎಸೆನ್‌ನನ್ನು ಅಲ್ಲೇ ನೆಲಕ್ಕಿಳಿಸಿಟ್ಟಿದ್ದ ಕುದುರೆ ಜೀನಿನ ಮೇಲೆ ಕೂರಿಸಿ ಅವಳು ಮಂಡಿಯೂರಿದಳು.

"ಬೇಗ ತಂಗಿ, ಚಟ್ಟ ಎತ್ತುತ್ತಾ ಇದ್ದಾರೆ."

ಅವಳ ಕೈ ನೇರ ಊದಿದ ಮಂಡಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಪೆಟ್ಟು ಬೀಳಲೆಂದು ಕಾದಳು. ಒಮ್ಮೆ, ಒಂದೇ ಒಂದು ಸಲ ಬೀಳಲಿ ಎಂದು ಅವಳ ಜೀವ ಹಂಬಲಿಸಿತು. ಬೀಳಲಿಲ್ಲ. ಕಣ್ಣೊರೆಸಿಕೊಂಡು, ಕೈಯನ್ನು ತಾನೇ ಎತ್ತಿ ಇನ್ನೊಂದು ಮಂಡಿಯ ಮೇಲಿಟ್ಟಳು. ಎಳೆದು ನೋಡಿದಳು, ಅದು ಗಟ್ಟಿಯಾಗಿತ್ತು. ಆಮೇಲೆ ಊದಿದ್ದನ್ನು ಹಿಡಿದು ಮೆಲ್ಲಗೆ ಎಳೆದಳು. ಅದು ಸಡಿಲವಾಗಿ ಮುಂದಕ್ಕೆ ಬಂತು.

"ಒಳಗೆ ಹರಿದಿದೆ. ಹೊರಬೇಡ ಅಣ್ಣ."

ಎಸೆನ್‌ನ ಮುಖ ಕೆಂಪೇರಿತು. ಆಮೇಲೆ ಅವಳ ಮುಖ ನೋಡಿದ.

"ಅವರೂ ಹಿಂಗೇ ಅಂತಿದ್ರು," ಎಂದ. "ಆಯ್ತು ಡಾಕ್ಟ್ರಮ್ಮ."

ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಕೋಲು ಹುಡುಕಿ ತೆಗೆದುಕೊಂಡು ಚಟ್ಟದ ಹಿಂದೆ ಕುಂಟುತ್ತ ಹೊರಟ. ಗಂಡಸರೆಲ್ಲ ಗುಡ್ಡದ ದಾರಿ ಹಿಡಿದರು. ಹೆಂಗಸರು ಹೂಳುವ ಜಾಗಕ್ಕೆ ಹೋಗುವಂತಿಲ್ಲ. ಅವರು ಅಳುತ್ತ ಗುಡಾರದೊಳಗೆ ತಿರುಗಿದರು.

ಬುರುಲ್ ಖಾಲಿ ಜೀನಿನ ಮುಂದೆ ಮಂಡಿಯೂರಿಯೇ ಇದ್ದಳು, ಪೆಟ್ಟು ಬೀಳುತ್ತಿದ್ದ ಜಾಗವನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತ.